ರಸ್ತೆಯಾಚೆ ನಿಂತು ನೋಡುವವರು

“ನಮ್ಮಜ್ಜಿ ಯಾವತ್ತು ತೀರ್ಕೊಂಡ್ರು ಅಂತ ಸ್ವಲ್ಪ ಹೇಳ್ತೀರಾ ಅಣ್ಣ?”

ಹಿಂದೂಪುರದ ನನ್ನ ಫ್ಲೆಕ್ಸ್ ಅಂಗಡಿಯ ಶಟರ್ ಆಗಷ್ಟೇ ಎತ್ತಿದ್ದೆ. ಊದುಬತ್ತಿ ಕೂಡ ಹಚ್ಚಿರಲಿಲ್ಲ. ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಫೋನು, ಬಸ್ಸಿನ ಕಿಟಕಿ ಗಾಳಿಗೆ ಕೂದಲೆಲ್ಲ ಒಂದೇ ಕಡೆಗೆ ವಾಲಿತ್ತು. ಧ್ವನಿ ಮಾತ್ರ ತಣ್ಣಗೆ, ಬ್ಯಾಂಕಿನಲ್ಲಿ ಫಾರಂ ಕೇಳುವವರ ಹಾಗೆ.

ಫ್ಲೆಕ್ಸ್ ಅಂಗಡಿ ಅಂದರೆ ಅರ್ಧ ಮದುವೆ, ಅರ್ಧ ಸಾವು. ತಿಥಿಯ ಬೋರ್ಡಿನಲ್ಲಿ ತಾರೀಕು ತಪ್ಪಾಗಿದೆ, ಇನಿಷಿಯಲ್ ಬಿಟ್ಟುಹೋಗಿದೆ ಅಂತ ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಇವಳೂ ಅಂಥವಳೇ ಅಂದುಕೊಂಡೆ.

“ಡೇಟ್ ಬಿಟ್ಟುಹೋಗಿದ್ಯಾ ಮೇಡಂ? ಹೇಳಿ, ಐದೇ ನಿಮಿಷ, ಸೇರಿಸಿ ಕೊಡ್ತೀನಿ.”

“ಡೇಟ್ ನಂಗೂ ಗೊತ್ತಿಲ್ಲ. ಬೆಳಿಗ್ಗೆ ಐದು ಗಂಟೆಗೆ ಕಲ್ಯಾಣದುರ್ಗದಲ್ಲಿ ನಾನು ಬಸ್ ಹತ್ತೋವಾಗ ಅಜ್ಜಿ ಹಲ್ಲುಜ್ಜುತಾ ಇದ್ರು.”

ಅಂದು, ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

ಅದರಲ್ಲಿದ್ದದ್ದು ನಾನೇ ಪ್ರಿಂಟ್ ಹಾಕಿದ ಫ್ಲೆಕ್ಸು. ಮೇಲೆ ‘ನಟಿ ಇಂದ್ರಾಣಿ’ ಅಂತ ದಪ್ಪ ಅಕ್ಷರ. ಫೋಟೋ ಸುತ್ತ ಚೆಂಡುಹೂವಿನ ಹಾರ. ಕೆಳಗೆ ಎಡಕ್ಕೊಂದು ಬಲಕ್ಕೊಂದು ಉರಿಯುವ ದೀಪ.

ಆಗಿದ್ದು ಇಷ್ಟು. ನಮ್ಮೂರಿನ ರಿಟೈರ್ಡ್ ಮೇಷ್ಟ್ರು ಜಯರಾಮಪ್ಪನವರು ಚಿತ್ರಪ್ರೇಮಿಗಳ ಸಂಘ ಅಂತ ಒಂದು ನಡೆಸುತ್ತಾರೆ. ವರ್ಷಕ್ಕೊಬ್ಬ ಸಿನಿಮಾದವರನ್ನು ಹಿಡಿದು, ಅವರ ಚಿತ್ರ ತೋರಿಸಿ, ಅವರ ಬಗ್ಗೆ ಮಾತಾಡಿ, ಹಬ್ಬದ ಹಾಗೆ ಮಾಡುತ್ತಾರೆ. ಈ ವರ್ಷ ಡೈರೆಕ್ಟರ್ ತೋಟಪ್ಪನವರ ಸರದಿ. ಇಲ್ಲಿಂದ ಮದ್ರಾಸಿಗೆ ಹೋಗಿ ಕನ್ನಡದಲ್ಲೂ ತೆಲುಗಿನಲ್ಲೂ ಒಟ್ಟು ಒಂಬತ್ತು ಸಿನಿಮಾ ಮಾಡಿದವರು. ಬದುಕಿದ್ದರೆ ನೂರು ವರ್ಷ. ಅವರದೊಂದು, ಅವರ ಹೀರೋ, ಹೀರೋಯಿನ್, ಕ್ಯಾಮೆರಾಮನ್, ಆಮೇಲೆ ಒಂಬತ್ತರಲ್ಲೂ ಇದ್ದ ಇಂದ್ರಾಣಿ, ಹೀಗೆ ಐದು ಫ್ಲೆಕ್ಸು ಬೇಕೆಂದು ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು. “ಐದೂ ಒಂದೇ ತರ ಇರ್ಲಿ ಕಣಪ್ಪ, ಲಕ್ಷಣವಾಗಿರ್ತದೆ” ಅಂತ ಸೇರಿಸಿದ್ದರು.

ನಾಲ್ವರು ತೀರಿಹೋಗಿದ್ದರು. ನಾನು ತೋಟಪ್ಪನವರಿಗೆ ಒಂದು ಹಾರ ಮಾಡಿ, ಅದೇ ಹಾರದೊಳಗೆ ಉಳಿದ ನಾಲ್ಕು ಮುಖ ಕೂರಿಸಿದ್ದೆ. ನಮ್ಮ ಕಡೆ ಹಾರ ಹಾಕಿದ ಫೋಟೋ ಅಂದರೆ ಅರ್ಥ ಒಂದೇ. ಕೆಳಗೆ ಬರೆಯಬೇಕಾಗಿಯೇ ಇಲ್ಲ.

ಯಾರೋ ಅದನ್ನು ಫೋನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟಿದ್ದಾರೆ. ಅದು ಸಂಜೆಯೊಳಗೆ ಸೆಟ್ಟೂರು ಕಡೆ ಅಜ್ಜಿಯ ಹುಟ್ಟೂರಿಗೆ ಮುಟ್ಟಿದೆ. ಅಲ್ಲಿಂದ ಎರಡು ಆಟೋ ತುಂಬ ನೆಂಟರು, ನಿಜವಾದ ಹಾರ ಹಿಡಿದುಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ಕಲ್ಯಾಣದುರ್ಗಕ್ಕೆ ಬಂದಿದ್ದಾರೆ. ಅಜ್ಜಿ ಬಾಗಿಲಲ್ಲಿ ಕೂತು ಕಡಲೇಕಾಯಿ ಸುಲೀತಿದ್ದರಂತೆ. ಬಂದವರಿಗೆಲ್ಲ ತಾನೇ ಕಾಫಿ ಕಾಯಿಸಿ ಕೊಟ್ಟರಂತೆ.

ಇದನ್ನೆಲ್ಲ ಅವಳು ನಗದೆ ಹೇಳಿದಳು. ನಾನೂ ನಗದೆ ಕೇಳಿದೆ. ಅದು ಕಷ್ಟದ ಕೆಲಸವಾಗಿತ್ತು.

ಹೆಸರು ಪದ್ಮಲತಾ. ಅಜ್ಜಿ ಅವಳ ಅಪ್ಪನ ಸೋದರತ್ತೆ. ಮದುವೆ ಆಗದೆ ಉಳಿದವರು. ಇವಳು ಎಂಟನೇ ಕ್ಲಾಸಿಗೆ ಓದೋಕೆ ಅಂತ ಅವರ ಮನೆಗೆ ಬಂದು, ಓದು ಮುಗಿದರೂ ಅಲ್ಲೇ ಉಳಿದಿದ್ದಳು. ಕಲ್ಯಾಣದುರ್ಗದಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಟೆಸ್ಟ್ ಮಾಡುವ ಕೆಲಸ.

ನಾನು ಆಗಲೇ ಹೋಗಿ ಆ ಫ್ಲೆಕ್ಸ್ ಇಳಿಸಿದೆ. ಅದಿದ್ದದ್ದು ಹಳೇ ಟಾಕೀಸಿನ ಮುಂದೆ. ಟಾಕೀಸು ಮುಚ್ಚಿ ಹತ್ತು ವರ್ಷ, ಈಗ ಅದರೊಳಗೆ ಹುಣಸೆಹಣ್ಣಿನ ಮೂಟೆಗಳು. ಆದರೂ ಬೋರ್ಡ್ ಕಟ್ಟುತ್ತಿದ್ದ ದೊಡ್ಡ ಕಬ್ಬಿಣದ ಚೌಕಟ್ಟು ಗೋಡೆ ಮೇಲೆ ಹಾಗೇ ಇದೆ. ಏಣಿ ಮೇಲಿಂದ ತಿರುಗಿ ನೋಡಿದರೆ ಪದ್ಮಲತಾ ರಸ್ತೆಯಾಚೆ ನಿಂತು, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನನ್ನನ್ನು ಅಳೆಯುತ್ತಿದ್ದಳು. ದೂರದ್ದನ್ನು ನೋಡುವಾಗ ಅವಳು ಹಾಗೇ. ನನಗದು ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ಕಣ್ಣು ಹೊಡೆದಳೇನೋ ಅನ್ನಿಸಿ ಏಣಿಯ ಒಂದು ಮೆಟ್ಟಿಲು ತಪ್ಪಿದೆ.

ಇಳಿದ ಮೇಲೆ ಅವಳು ಹೇಳಿದ್ದು ಬೇರೇನೇ. “ನಿಮಗೆ ಸೈಟ್ ಇದೆ ಅಣ್ಣ. ನನ್ನ ನೋಡೋಕೆ ಹುಬ್ಬು ಗಂಟು ಹಾಕ್ತಿದ್ರಿ.”

ಫೋನಿನಲ್ಲಿ ಅಜ್ಜಿಗೆ ಕ್ಷಮೆ ಕೇಳಿದೆ. ಅವರು ಗಹಗಹಿಸಿ ನಕ್ಕರು. “ಮೂವತ್ತೆಂಟು ಸಿನಿಮಾ ಮಾಡಿದೆ ಕಣಪ್ಪ. ಅತ್ತೆ, ತಾಯಿ, ಪಕ್ಕದ ಮನೆ ಬಾಯಿಬಡುಕಿ. ಒಂದರಲ್ಲೂ ನನ್ನ ಮುಖ ಬೋರ್ಡ್ ಮೇಲೆ ಬರ್ಲಿಲ್ಲ. ಈಗ ಬಂದ್ಬುಟ್ಟೆ, ಅದೂ ಹಾರ ಹಾಕಿಸ್ಕೊಂಡು. ಹರೀಬೇಡ, ಅದನ್ನ ಮಡಿಸಿ ಕಳಿಸು.”

ಆ ನಗುವಿಗೆ ಪದ್ಮಲತಾಳ ಮುಖ ಸಣ್ಣದಾಯಿತು. ಫೋನಿಟ್ಟ ಮೇಲೆ ವಿಷಯ ಹೇಳಿದಳು. ಅಜ್ಜಿಗೆ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಕಾಣುತ್ತದೆ. ಆ ಕೊಳವೆ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದೆ. ಹನಿ ಹಾಕುತ್ತಿದ್ದಾರೆ, ಆದರೂ ಆ ಕಣ್ಣು ಈ ವರ್ಷ ದಾಟುವುದು ಕಷ್ಟ ಅಂತ ಅನಂತಪುರದ ಡಾಕ್ಟರು ಹೇಳಿದ್ದಾರೆ.

“ಕಣ್ಣಿರೋವಾಗ ಅಜ್ಜಿ ಒಂದ್ಸಲ ಬೋರ್ಡ್ ಮೇಲೆ ತನ್ನ ಮುಖ ನೋಡ್ಬೇಕು. ಹಾರ ಇಲ್ದೆ. ಅಷ್ಟು ಮಾಡಿಕೊಡಿ ಅಣ್ಣ, ನಾನು ಜಗಳ ಆಡಲ್ಲ.”

ಅರ್ಧ ಗಂಟೆಯಲ್ಲಿ ಬೇರೆ ಫ್ಲೆಕ್ಸ್ ಹಾಕಿಕೊಡುತ್ತೇನೆ ಅಂದೆ. ಹಾಕೋಕೆ ಕೂತರೆ ಆಗಲಿಲ್ಲ. ಇಂದ್ರಾಣಿಯವರದ್ದು ಅಂತ ಇದ್ದ ಫೋಟೋಗಳಲ್ಲೆಲ್ಲ ಮುಂದೆ ಹೀರೋಯಿನ್ನು, ಹಿಂದೆ ಇವರ ಅರ್ಧ ಮುಖ. ಹಾರದೊಳಗೆ ನಾನು ಕೂರಿಸಿದ್ದು ಯಾವುದೋ ಹಳೇ ಪೇಪರಿನ ಬೆರಳುಗಾತ್ರದ ಫೋಟೋ. ದೊಡ್ಡದು ಮಾಡಿದ್ದಕ್ಕೆ ಮೂಗಿದ್ದ ಜಾಗದಲ್ಲಿ ಬರೀ ಚೌಕಗಳು. ಮೆಷಿನ್ನು ಇರುವುದನ್ನು ದೊಡ್ಡದು ಮಾಡುತ್ತದೆಯೇ ಹೊರತು ಇಲ್ಲದ್ದನ್ನು ತಂದುಕೊಡುವುದಿಲ್ಲ.

ಅವಳ ಕಣ್ಣು ನನ್ನ ತಲೆಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ನಮ್ಮಪ್ಪ ಉಗ್ರಪ್ಪ ಕೈಯಲ್ಲಿ ಬರೆದ ಒಂದು ಸಣ್ಣ ಬೋರ್ಡ್ ಇದೆ.

“ಇದನ್ನ ಬರ್ದೋರು?”

“ನಮ್ಮಪ್ಪ. ಆ ಟಾಕೀಸಿಗೆ ಮೂವತ್ತು ವರ್ಷ ಅವ್ರೇ ಬೋರ್ಡ್ ಬರ್ದಿದ್ದು. ಹೋಗಿ ನಾಲ್ಕು ವರ್ಷ ಆಯ್ತು.”

“ನಿಮಗೆ ಬರಲ್ವಾ?”

“ಬರ್ತಿತ್ತು.”

ಹದಿನೆಂಟು ವಯಸ್ಸಿನವರೆಗೂ ಅಪ್ಪನ ಜೊತೆ ಏಣಿ ಹತ್ತಿದ್ದೆ. ಆಮೇಲೆ ಫ್ಲೆಕ್ಸ್ ಬಂತು. ಮೆಷಿನ್ ತಂದವನು ನಾನೇ. ಅಪ್ಪ ಬೈಯಲಿಲ್ಲ. ದಿನಾ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತು, ಮೆಷಿನ್ನಿನಿಂದ ಮುಖಗಳು ಇಳಿದು ಬರುವುದನ್ನು ನೋಡಿ, ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದರು. ನಾನು ಬ್ರಷ್ ಮುಟ್ಟಿ ಹದಿಮೂರು ವರ್ಷವಾಗಿತ್ತು. ಇದನ್ನು ಅವಳಿಗೆ ಹೇಳಲಿಲ್ಲ. ಕಾರ್ಯಕ್ರಮಕ್ಕೆ ಇನ್ನೂ ಆರು ವಾರ ಇದೆ, ಭಾನುವಾರ ಬಂದು ಅಜ್ಜಿಯ ಮುಖ ಬರೆದುಕೊಳ್ಳುತ್ತೇನೆ ಅಂದೆ. ಬಾಯಿಂದ ಬಂದುಬಿಟ್ಟಿತ್ತು.

*

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗಬೇಕು. ಆಂಧ್ರದಲ್ಲಿ ಹತ್ತಿ, ಕರ್ನಾಟಕದಲ್ಲಿ ಟೀ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯೋದು. ಮೊದಲ ಭಾನುವಾರ ನಾನು ಹೋದಾಗ ಅಜ್ಜಿ ಮಂಡಕ್ಕಿ ಉಗ್ಗಾನಿ ಮಾಡಿಸಿಟ್ಟು ಕಾಯುತ್ತಿದ್ದರು. ಮನೆಯಲ್ಲಿ ಅವರು ಇಂದ್ರಾಣಿ ಅಲ್ಲ, ಗೌರಕ್ಕ. ಎಂಬತ್ತೊಂದು ವಯಸ್ಸು, ಕಿವಿಯಲ್ಲಿ ದಪ್ಪ ಓಲೆ, ಓಲೆಯ ಭಾರಕ್ಕೆ ಇಳಿದ ಕಿವಿ.

“ಯಾವ ಮುಖ ಬೇಕಪ್ಪ?” ಅಂದರು. ಕೇಳಿ ಮುಗಿಸುವುದರೊಳಗೆ ಅತ್ತೆಯಾದರು. ತುಟಿ ಒಂಚೂರು ಓರೆ ಮಾಡಿದ್ದು ಅಷ್ಟೇ, ನಾನು ಸೊಸೆಯ ಹಾಗೆ ಹಿಂದೆ ಸರಿದೆ. ಮರುಕ್ಷಣ ಮಗನನ್ನು ಕಳೆದುಕೊಂಡ ತಾಯಿ. ಬಾಗಿಲಾಚೆ ನಿಂತಿದ್ದ ಪದ್ಮಲತಾ, ಸಾಕು ಬಿಡಜ್ಜಿ, ಬಂದವರು ಬೆದರ್ತಾರೆ ಅಂದಳು.

ಬರೆಯೋಕೆ ಕೂತರೆ ಕೈ ಏಳಲಿಲ್ಲ. ಎರಡು ಗಂಟೆಯಲ್ಲಿ ಆರು ಹಾಳೆ ಹಾಳಾಯಿತು. ಮುಖ ಬರುತ್ತಿತ್ತು, ಅಜ್ಜಿ ಬರುತ್ತಿರಲಿಲ್ಲ. ಅವರು ಆ ಹಾಳೆಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರಕ್ಕೆ ಹಿಡಿದು, ತುಂಡು ತುಂಡಾಗಿ ನೋಡಿದರು. ಆಮೇಲೆ ತೋಟಪ್ಪನವರ ಮಾತು ತೆಗೆದರು.

ತೋಟಪ್ಪನವರು ಕ್ಯಾಮೆರಾನ ಮಾತಾಡುವವರ ಮೇಲೆ ಇಡುತ್ತಿರಲಿಲ್ಲವಂತೆ, ಕೇಳುವವರ ಮೇಲೆ ಇಡುತ್ತಿದ್ದರಂತೆ. ಹೀರೋ ಎರಡು ಪುಟ ಡೈಲಾಗ್ ಹೊಡೆಯುತ್ತಿದ್ದರೆ ತೆರೆ ಮೇಲೆ ಕಾಣುವುದು ಮೂಲೆಯಲ್ಲಿ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುವ ತಾಯಿ. ಅದಕ್ಕೇ ಹೀರೋಗಳಿಗೆ ಅವರ ಮೇಲೆ ಸಿಟ್ಟು, ಜನಕ್ಕೆ ಅವರ ಸಿನಿಮಾದಲ್ಲಿ ಕಣ್ಣೀರು. ಮೊದಲ ದಿನ ಗೌರಕ್ಕ ಭಯಕ್ಕೆ ಏನೇನೋ ಅಭಿನಯ ಮಾಡಿದಾಗ ಹತ್ತಿರ ಬಂದು ಹೇಳಿದರಂತೆ: “ಏನೂ ಮಾಡ್ಬೇಡಮ್ಮ ನೀನು. ಸುಮ್ಮನೆ ಕೇಳಿಸ್ಕೊಂಡಿರು. ಉಳಿದದ್ದು ನಿನ್ನ ಮುಖಾನೇ ಮಾಡ್ಕೊಂಡು ಹೋಯ್ತದೆ.”

“ನನ್ನ ಮುಖ ಅಂದ್ರೆ ಅದೇ ಕಣಪ್ಪ, ಕೇಳಿಸ್ಕೊಳ್ಳೋದು” ಅಂದರು ಅಜ್ಜಿ. “ಕೇಳೋಕೆ ಏನಾದ್ರೂ ಬೇಕಲ್ಲ. ಪದ್ದೂ, ಬಾ ಇಲ್ಲಿ ಕೂತ್ಕೊ. ನೀವಿಬ್ರೂ ಮಾತಾಡಿ. ನಾನು ಕೇಳಿಸ್ಕೊಂಡಿರ್ತೀನಿ, ನೀನು ಬರ್ಕೊ.”

ಹೀಗೆ ನಮಗೆ ಮಾತಾಡುವ ಕೆಲಸ ಸಿಕ್ಕಿತು.

ಮೊದಲ ಭಾನುವಾರ ಮಾತು ಬಸ್ಸಿನ ಟೈಮು, ಬಿಸಿಲು, ಹುಣಸೆಹಣ್ಣಿನ ರೇಟು ದಾಟಲಿಲ್ಲ. ಎರಡನೇ ವಾರ ಅವಳು ಅಂಗಡಿಗೆ ಬರುವವರ ಕಥೆ ಹೇಳಿದಳು. ಬ್ರಹ್ಮಸಮುದ್ರದ ಕಡೆಯಿಂದ ಒಬ್ಬ ಮುದುಕಪ್ಪ ಬಂದು, ಕನ್ನಡಕ ಹಾಕಿಸಿಕೊಂಡು, ಕನ್ನಡಿಯಲ್ಲಿ ತನ್ನನ್ನು ನೋಡಿ, ಇಷ್ಟು ವಯಸ್ಸಾಗಿದ್ದು ಯಾರೂ ಹೇಳಲೇ ಇಲ್ಲವಲ್ಲ ಅಂದನಂತೆ. ನಾನು ಮದುವೆ ಫ್ಲೆಕ್ಸಿನಲ್ಲಿ ಗಂಡಿನ ಪಕ್ಕ ಗಂಡಿನ ತಮ್ಮನ ಹೆಂಡತಿಯನ್ನು ಕೂರಿಸಿಬಿಟ್ಟ ಕಥೆ ಹೇಳಿದೆ. ಅವಳು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು, ಆ ಕೈ ಮೇಲಿಂದ ಕಣ್ಣು ಮಾತ್ರ ನನ್ನ ಕಡೆ ಬಂದು ತಟಕ್ಕನೆ ಅಜ್ಜಿ ಕಡೆ ಹೋಗುವುದು, ಎಲ್ಲ ನೋಡಿದೆ. ನೋಡಬೇಕಾಗಿದ್ದು ಅಜ್ಜಿಯನ್ನು. ಆವತ್ತು ನಾಲ್ಕು ಗೆರೆ ತಪ್ಪಿದವು.

ಮೂರನೇ ಭಾನುವಾರ ಊಟ ಬಡಿಸುತ್ತಾ, “ಇನ್ನೊಂದು ಮುದ್ದೆ ಹಾಕ್ಲಾ?” ಅಂದಳು.

ನಾನು ಬೇಡ ಅಂದೆ. ತುತ್ತು ಮುರಿಯುವಾಗ ಹೊಳೆಯಿತು: ಇನ್ನೊಂದು ಮುದ್ದೆ ಹಾಕ್ಲಾ ಅಣ್ಣ, ಅನ್ನಲಿಲ್ಲ. ನಮ್ಮ ಕಡೆ ಹಾಲಿನವನಿಂದ ಹಿಡಿದು ಕಂಡಕ್ಟರ್‌ವರೆಗೆ ಎಲ್ಲರೂ ಅಣ್ಣಂದಿರೇ. ಹೆಣ್ಣುಮಗಳ ಬಾಯಲ್ಲಿ ಆ ಪದ ತಾನಾಗಿ ಬರುತ್ತದೆ, ಪ್ರಯತ್ನಪಟ್ಟರೆ ಮಾತ್ರ ನಿಲ್ಲುತ್ತದೆ. ಸಂಜೆ ಬಸ್ ಹತ್ತುವವರೆಗೂ ಕಿವಿ ನೆಟ್ಟುಕೊಂಡು ಎಣಿಸಿದೆ. ಒಂದು ಸಲವೂ ಬರಲಿಲ್ಲ. ಪಾವಗಡದಲ್ಲಿ ಟೀ ಕುಡಿಯುವುದು ಮರೆತೆ.

ನಾಲ್ಕನೇ ವಾರ ಅವಳು ನನ್ನನ್ನು ಅವರ ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ಟೆಸ್ಟ್ ಮಾಡಿದಳು. ಭಾರದ ದುಂಡು ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಾಯಿಸಿದಳು. ಇದು ಕ್ಲಿಯರಾ, ಅದು ಕ್ಲಿಯರಾ. ಕೈಯಲ್ಲಿ ಸ್ಪಿರಿಟಿನ ವಾಸನೆ. ಮೂರನೇ ಗಾಜು ಹಾಕಿದ ತಕ್ಷಣ ಅವಳ ಬಲಗಲ್ಲದ ಮೇಲೆ, ಕಿವಿಯ ಹತ್ತಿರ, ಎಳ್ಳಿನಷ್ಟು ಮಚ್ಚೆ ಕಂಡಿತು. ನಾಲ್ಕು ವಾರ ಎದುರು ಕೂತರೂ ಅದು ನನಗೆ ಕಂಡಿರಲಿಲ್ಲ.

“ಕೆಳಗಿನ ಸಾಲು ಓದಿ” ಅಂದಳು.

“ಇನ್ನೂ ಅಲ್ಲಿಗೆ ಬಂದಿಲ್ಲ.”

“ಎಲ್ಲಿದ್ದೀರಿ ಮತ್ತೆ?”

ನನ್ನ ಕಣ್ಣು ಮಚ್ಚೆಯ ಮೇಲೇ ಇತ್ತು. ಅವಳಿಗೆ ಗೊತ್ತಾಯಿತು ಅನ್ನಿಸುತ್ತದೆ. ಮುಂದಿನ ಗಾಜು ಹುಡುಕೋಕೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಪೆಟ್ಟಿಗೆಯೊಳಗೆ ತಲೆ ಬಗ್ಗಿಸಿದ್ದಳು.

ಐದನೇ ಭಾನುವಾರ ಅವಳು ನೀರಿಗೆ ಹೋದಾಗ ಅಜ್ಜಿ ಮೆಲ್ಲಗೆ ಹೇಳಿದರು. ಮೂರು ಕಡೆಯಿಂದ ಸಂಬಂಧ ಬಂದಿತ್ತಂತೆ, ಮೂರಕ್ಕೂ ಇವಳು ಬೇಡ ಅಂದಳಂತೆ. ಅಜ್ಜಿಗೆ ಹನಿ ಹಾಕೋರ್ಯಾರು ಅಂತ. “ನನ್ನ ಕಣ್ಣು ಹೋಗೋದಕ್ಕೆ ನಂಗೆ ಬೇಜಾರಿಲ್ಲ ಕಣಪ್ಪ. ಅದನ್ನೇ ನೆವ ಮಾಡ್ಕೊಂಡು ಇವಳು ಯಾರನ್ನೂ ಕಣ್ಣೆತ್ತಿ ನೋಡ್ತಿಲ್ವಲ್ಲ, ಅದಕ್ಕೆ ಬೇಜಾರು.”

ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಅಜ್ಜಿ ನನ್ನ ಮೌನವನ್ನೂ ಕೇಳಿಸಿಕೊಂಡರು.

*

ಕಾರ್ಯಕ್ರಮದ ವಾರ ಬಂತು. ಟಾಕೀಸಿನ ಚೌಕಟ್ಟಿಗೆ ಹತ್ತಡಿ ಎತ್ತರದ ಬಟ್ಟೆ ಬಿಗಿದು, ನೂಲು ಹಿಡಿದು ಚೌಕ ಹಾಕಿ, ಬರೆಯೋಕೆ ಶುರು ಮಾಡಿದೆ. ಕೈಗೆ ಹಳೇದು ನೆನಪಿತ್ತು. ನನಗೇ ನೆನಪಿರಲಿಲ್ಲ, ಅಷ್ಟೇ.

ಆದರೆ ಬೋರ್ಡ್ ಬರೆಯುವವನಿಗೆ ಒಂದು ತೊಂದರೆ ಇದೆ. ಏಣಿ ಮೇಲೆ ನಿಂತವನಿಗೆ ಒಂದು ಮೂಗಿನ ಹೊಳ್ಳೆ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ರಸ್ತೆಯಾಚೆ ನಿಂತು ನೋಡುವವರೊಬ್ಬರು ಬೇಕು. ಹುಬ್ಬು ಮೇಲೆ ಹೋಯಿತು, ಗಲ್ಲ ಊದಿತು ಅಂತ ಅಲ್ಲಿಂದ ಹೇಳಬೇಕು. ಅಪ್ಪನಿಗೆ ಆ ಕೆಲಸ ಮಾಡುತ್ತಿದ್ದದ್ದು ನಮ್ಮಮ್ಮ ವರಲಕ್ಷ್ಮಮ್ಮ. ನೀನು ಬಾರಮ್ಮ ಅಂತ ಕೇಳಿದರೆ, ಮಂಡಿ ನೋವು ಅಂದರು.

“ನಿಮ್ಮಪ್ಪ ಬೋರ್ಡ್ ಬರೀವಾಗ ನಾನು ಎದುರಿನ ಸೈಕಲ್ ಶಾಪ್ ಮನೆಯೋಳು ಕಣ್ಲಾ. ಹೀರೋಯಿನ್ ಕಣ್ಣು ಮೆಳ್ಳೆ ಆಗೈತೆ ಅಂತ ಕೂಗಿ ಹೇಳ್ದೆ. ಆಮೇಲೆ ದಿನಾ ಕೇಳೋಕೆ ಶುರು ಮಾಡ್ದ. ಹಂಗೇ ಈ ಮನೆಗೆ ಬಂದೆ. ನಮ್ಮ ಮನೇಲಿ ಆಚೆ ಕಡೆ ನಿಂತೋರು ಈಚೆ ಬಂದೇ ಬತ್ತಾರೆ. ನಂಗ್ಯಾಕೆ ಹೇಳ್ತೀಯ, ಆ ಕನ್ನಡಕದ ಅಂಗಡಿಯವಳ್ನ ಕರಿ.”

ಕರೆಯಬೇಕಾಗಿಯೇ ಬರಲಿಲ್ಲ. ಗುರುವಾರ ಅವಳದೇ ಫೋನ್ ಬಂತು. ಅಜ್ಜಿಗೆ ಎರಡು ದಿನದಿಂದ ಕಾಣುವುದು ಇನ್ನೂ ಕಿರಿದಾಗಿದೆ, ಬೋರ್ಡ್ ಎಲ್ಲಿಗೆ ಬಂತು ಅಂತ ನೋಡೋಕೆ ನಾಳೆ ಬರುತ್ತೇನೆ ಅಂದಳು.

ಶುಕ್ರವಾರ ಬೆಳಿಗ್ಗೆ ಮುಖ ಮುಗಿದಿತ್ತು. ಅವಳು ಮೊದಲು ಮನೆಗೆ ಬಂದು, ಅಮ್ಮನ ಹತ್ತಿರ ಕಾಫಿ ಕುಡಿದು, ಆಮೇಲೆ ಟಾಕೀಸಿಗೆ ಬಂದಳು. ರಸ್ತೆಯಾಚೆ ನಿಂತು, ಎಡಗಣ್ಣು ಮುಚ್ಚಿ, ಸುಮಾರು ಹೊತ್ತು ನೋಡಿದಳು. ಆಮೇಲೆ ರಸ್ತೆ ದಾಟಿ ಬಂದಳು.

“ಚೆನ್ನಾಗಿದೆ. ಯಾರಿದು?”

ಬೋರ್ಡ್ ಅಂದರೆ ಹಾಗೇ ಬರೆಯೋದು, ಅಪ್ಪ ಎಲ್ಲರಿಗೂ ಗುಲಾಬಿ ಗಲ್ಲ ಕೊಡುತ್ತಿದ್ದರು, ಅಜ್ಜಿ ಮೂವತ್ತು ವಯಸ್ಸಲ್ಲಿ ಹೀಗಿದ್ದಿರಬಹುದು ಅಂತ ಬರೆದೆ, ಹೀಗೆ ಏನೇನೋ ಹೇಳಿದೆ.

“ಮೊದಲು ಹಾರ ಹಾಕಿ ಕಳಿಸಿಬಿಟ್ರಿ. ಈಗ ಬಣ್ಣ ಹಾಕಿ ಕಳಿಸ್ತಿದ್ದೀರಿ” ಅಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. “ಐದು ವಾರ ನಮ್ಮನೇಲಿ ಕೂತು ನೀವು ನೋಡಿದ್ದು ಇವರನ್ನಾ?”

ಐದು ವಾರ ನಾನು ನೋಡಿದ್ದು ಯಾರನ್ನು ಅಂತ ಅವಳಿಗೆ ಹೇಳುವ ಹಾಗಿರಲಿಲ್ಲ. ಬೋರ್ಡಿನ ಹೆಂಗಸಿನ ಬಲಗಲ್ಲದ ಮೇಲೆ, ಕಿವಿಯ ಹತ್ತಿರ, ಎಳ್ಳಿನಷ್ಟು ಮಚ್ಚೆ ಇತ್ತು. ಅಜ್ಜಿಗೆ ಅಲ್ಲಿ ಮಚ್ಚೆ ಇಲ್ಲ. ಅವಳು ಅದನ್ನು ನೋಡಿದಳು. ಕೈ ತಾನಾಗಿ ತನ್ನ ಕಿವಿಯ ಹತ್ತಿರ ಹೋಯಿತು. ತಿರುಗಿ ಬಸ್ ಸ್ಟ್ಯಾಂಡ್ ಕಡೆ ನಡೆದಳು.

ನಾನು ಬಿಳಿ ಬಣ್ಣದ ಡಬ್ಬ ತೆಗೆದು ಇಡೀ ಮುಖ ಮುಚ್ಚಿದೆ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗುವಷ್ಟರಲ್ಲಿ ಐದು ಭಾನುವಾರದ ಹಾಳೆಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡೆ. ಕೊನೆಯ ವಾರದ್ದರಲ್ಲಿ ಒಂದಿತ್ತು. ನಾನು ತಲೆ ತಗ್ಗಿಸಿ ಸುಮ್ಮನಾದಾಗಿನದು. ಸುಕ್ಕು, ಇಳಿದ ಕಿವಿ, ಅರ್ಧ ಮುಚ್ಚಿದ ಕಣ್ಣು, ಒಂಚೂರು ಓರೆಯಾದ ತಲೆ. ಅದರಲ್ಲಿ ಅಜ್ಜಿ ಇದ್ದರು.

ಶನಿವಾರ ಬೆಳಕಾಗುತ್ತಲೇ ಏಣಿ ಹತ್ತಿದೆ. ಹತ್ತು ಗಂಟೆ ಹೊತ್ತಿಗೆ ಕಿವಿಯಲ್ಲಿದ್ದ ಇಯರ್‌ಫೋನ್ ರಿಂಗಾಯಿತು.

“ಎಡಗಡೆ ರೆಪ್ಪೆ ಇನ್ನೊಂದಿಷ್ಟು ಕೆಳಗೆ.”

ತಿರುಗಿ ನೋಡಿದೆ. ಹೊಸ ಕನ್ನಡಕದಲ್ಲಿ ರಸ್ತೆಯಾಚೆ ಅವಳು ಸ್ಪಷ್ಟವಾಗಿ ಕಂಡಳು. ಹಳದಿ ಚೂಡಿದಾರ, ಕಿವಿಗೆ ಫೋನು. ಮನೆಗೆ ಹೋಗಿ ಅಜ್ಜಿಗೆ ಹನಿ ಹಾಕಿ, ಪಕ್ಕದ ಮನೆಯವರಿಗೆ ಹೇಳಿ, ಮೊದಲ ಬಸ್ಸಿಗೆ ವಾಪಸ್ ಬಂದಿದ್ದಳು.

“ಇಷ್ಟಾ?”

“ಜಾಸ್ತಿ ಆಯ್ತು. ನಿದ್ದೆ ಬಂದಂಗಾಯ್ತು ಅಜ್ಜಿಗೆ.”

ಇಡೀ ದಿನ ಹಾಗೇ ನಡೆಯಿತು. ನಡುವೆ ಬಸ್ಸು, ಆಟೋ, ಹುಣಸೆ ಮೂಟೆಯ ಲಾರಿ. ಅವು ದಾಟುವವರೆಗೂ ಅವಳು ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕಿವಿಯಲ್ಲಿ ಇರುತ್ತಿತ್ತು. ಇಪ್ಪತ್ತು ಮಾರು ದೂರ ನಿಂತವಳು ಅಷ್ಟು ಹತ್ತಿರ ಎಂದೂ ಇರಲಿಲ್ಲ. ತುಟಿಯ ಪಕ್ಕದ ಗೆರೆ, ಹಣೆಯ ನೆರಳು, ಓಲೆಯ ಹೊಳಪು, ಎಲ್ಲ ಅವಳು ಹೇಳಿದ ಹಾಗೆ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಸುಮ್ಮನಾದಳು.

“ಇನ್ನೇನು?” ಅಂದೆ.

“ಏನಿಲ್ಲ. ಅಜ್ಜಿ ಕೇಳಿಸ್ಕೊಳ್ತಿದ್ದಾರೆ.”

ಬ್ರಷ್ ಕೆಳಗಿಟ್ಟೆ. ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು ಕೇಳಿದೆ, ತಿರುಗುವ ಧೈರ್ಯ ಇರಲಿಲ್ಲ. “ಅಲ್ಲಿ ನಿಂತು ನೋಡೋರ ಬಗ್ಗೆ ನಮ್ಮನೇಲೊಂದು ಮಾತಿದೆ. ಅಮ್ಮ ಹೇಳಿದ್ರಾ?”

“ನಿನ್ನೆ ಕಾಫಿ ಕೊಡೋವಾಗ್ಲೇ ಹೇಳಿದ್ರು.”

“ಗೊತ್ತಿದ್ದೂ ಇವತ್ತು ನಿಂತ್ರಾ?”

ಬೆಂಗಳೂರು ಬಸ್ಸೊಂದು ಹಾರ್ನ್ ಹೊಡೆಯುತ್ತಾ ನಡುವೆ ಬಂದು ನಿಂತಿತು. ಅದು ಹೋದಾಗ ಅವಳು ಅಲ್ಲಿರಲಿಲ್ಲ. ಫೋನ್ ಕಟ್ಟಾಗಿತ್ತು. ಕಲ್ಯಾಣದುರ್ಗದ ಕೊನೆಯ ಬಸ್ಸಿಗೆ ಹೊತ್ತಾಗಿದೆ ಅಂತ ಒಂದು ಸಾಲಿನ ಮೆಸೇಜ್ ಬಂತು. ಅಷ್ಟೇ.

*

ಭಾನುವಾರ ಮೇಷ್ಟ್ರು ಕಳಿಸಿದ ಕಾರಿನಲ್ಲಿ ಅಜ್ಜಿ ಬಂದರು. ಹಸಿರು ಸೀರೆ, ತಲೆತುಂಬ ಕನಕಾಂಬರ. ಪದ್ಮಲತಾ ನನ್ನ ಕಡೆ ನೋಡದೆ, ಅಜ್ಜಿಯ ಕೈ ಹಿಡಿದು ರಸ್ತೆಯಾಚೆ, ನಿನ್ನೆ ತಾನು ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಸಂಘದವರು, ಅಮ್ಮ, ಗೋಡೌನಿನ ಹಮಾಲರು ಎಲ್ಲ ಅವರ ಹಿಂದೆ ಬಂದು ನಿಂತರು.

ಅಜ್ಜಿ ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದರು. ಅವರ ಕೊಳವೆ ಬೋರ್ಡನ್ನು ಹುಡುಕುತ್ತಿತ್ತು. ಆಮೇಲೆ ತಲೆ ಒಂದು ಕಡೆ ನಿಂತಿತು.

“ಅಷ್ಟೂ ಬಂತು” ಅಂದರು. “ಪೂರ್ತಿ ಬಂತು ಕಣಮ್ಮ. ಮುಂದೆ ಯಾರೂ ನಿಂತಿಲ್ಲ.”

ಬಹಳ ಹೊತ್ತು ನೋಡಿದರು. ಹತ್ತಿರ ಹೋಗಬೇಕು ಅಂದರು. ಬೋರ್ಡಿನ ಕೆಳಗೆ ಬಂದಾಗ ಅವರಿಗೆ ಕಂಡದ್ದು ಕಿವಿ ಮಾತ್ರ. ಕಿವಿ ಚೆನ್ನಾಗಿ ಬಂದಿದೆ, ತೋಟಪ್ಪನವರು ಇದ್ದಿದ್ದರೆ ಕ್ಯಾಮೆರಾನ ಇಲ್ಲಿಡುತ್ತಿದ್ದರು ಅಂದರು.

ಆಗ ಜಯರಾಮಪ್ಪ ಮೇಷ್ಟ್ರು ದಪ್ಪ ಮಲ್ಲಿಗೆ ಹಾರ ತಂದರು. ಏಣಿ ಅಲ್ಲೇ ಇತ್ತು. ಅಭ್ಯಾಸ ಬಲ, ಅವರ ಕಾಲು ಬೋರ್ಡಿನ ಕಡೆಗೆ ಎರಡು ಮೆಟ್ಟಿಲು ಹತ್ತಿಯೇಬಿಟ್ಟಿತು. ಎಲ್ಲರೂ ಒಟ್ಟಿಗೆ ಮೇಷ್ಟ್ರೇ ಅಂದೆವು. ಅಜ್ಜಿ ನಗುತ್ತಾ ಕೊರಳು ಚಾಚಿದರು. “ಇಲ್ಲಿಗಪ್ಪ. ಇನ್ನೂ ಇದ್ದೀನಿ.”

ಹಾರ ಹಾಕಿಸಿಕೊಂಡು ಅವರು ನಮ್ಮಮ್ಮನ ಕಡೆ ತಿರುಗಿದರು. “ಐದು ಭಾನುವಾರ ಇವರಿಬ್ರ ಮಾತು ಕೇಳಿಸ್ಕೊಂಡಿದ್ದೀನಿ ವರಲಕ್ಷ್ಮಮ್ಮ. ಆಡ್ದೇ ಇದ್ದದ್ದೂ ಕೇಳಿಸ್ತು. ಬೋರ್ಡ್ ಹೆಂಗೂ ಇಲ್ಲೈತೆ. ನನಗೊಂದು ಮಂಚದ ಜಾಗ ನಿಮ್ಮನೇಲಿ ಇದ್ಯಾ?”

ಅಮ್ಮ, ಜಾಗಕ್ಕೇನು ಬರ ಅಂದರು. ಇಬ್ಬರೂ ಕೈ ಕೈ ಹಿಡಿದು, ಒಬ್ಬರ ಮಂಡಿಗೆ ಒಬ್ಬರು, ಒಬ್ಬರ ಕಣ್ಣಿಗೆ ಒಬ್ಬರು ಆಸರೆ ಅನ್ನೋ ಹಾಗೆ, ಸಭೆಯ ಪೆಂಡಾಲಿನ ಕಡೆ ನಡೆದರು. ಜನ ಅವರ ಹಿಂದೆ ಹೋದರು.

ನಾನು ರಸ್ತೆ ದಾಟಿ ಆಚೆ ಹೋಗಿ ನಿಂತೆ. ನಾನು ಬರೆದ ಬೋರ್ಡನ್ನು ನಾನೇ ಅಲ್ಲಿಂದ ನೋಡಿರಲಿಲ್ಲ. ದೊಡ್ಡ ಮುಖ, ಓರೆಯಾದ ತಲೆ. ಅದರ ಕೆಳಗೆ, ಏಣಿಯ ಪಕ್ಕ, ಪದ್ಮಲತಾ ಒಬ್ಬಳೇ ಉಳಿದಿದ್ದಳು. ಫೋನ್ ರಿಂಗಾಯಿತು.

“ಅಲ್ಲಿಂದ ಹೇಗೆ ಕಾಣ್ತಿದೆ?”

“ಬೋರ್ಡಾ?”

“ಅಲ್ಲ.”

ಕನ್ನಡಕ ತೆಗೆದು, ಶರಟಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡೆ. “ಕ್ಲಿಯರಾಗಿದೆ. ಮಚ್ಚೆ ಕೂಡ ಕಾಣ್ತಿದೆ.”

“ಅಷ್ಟು ದೂರಕ್ಕೆ ಕಾಣಲ್ಲ. ಆ ಪವರ್ ಕೊಟ್ಟಿದ್ದು ನಾನೇ.” ಬಾಯಿಗೆ ಕೈ ಅಡ್ಡ ಹೋಗಿದ್ದು ಇಲ್ಲಿಗೇ ಕಂಡಿತು. “ನಿನ್ನೆ ಒಂದು ಕೇಳಿದ್ರಲ್ಲ, ಬಸ್ಸು ಅಡ್ಡ ಬಂತು. ಗೊತ್ತಿದ್ದೇ ನಿಂತಿದ್ದು.”

“ಅಲ್ಲೇ ಇರು” ಅಂದೆ. ನೀವು ಅನ್ನೋದು ಬಿಟ್ಟುಹೋಗಿತ್ತು. “ಬತ್ತೀನಿ.”

ಹುಣಸೆ ಮೂಟೆಯ ಲಾರಿಯೊಂದು ಬರುತ್ತಿತ್ತು. ಅದು ಹೋಗುವವರೆಗೆ ಕಾದು, ರಸ್ತೆ ದಾಟಿದೆ.